ತೋಳಿಗೆ ಕಟ್ಟಿದ ಉಣ್ಣೆ

ಮೊದಲು ಬಂದದ್ದು ಸುಟ್ಟ ವಾಸನೆ. ಉರಿ ಬರಲೇ ಇಲ್ಲ.

ಸತ್ಯವ್ವ ಒಲೆಯ ಮುಂದೆ ಕೂತು ರೊಟ್ಟಿ ಬೇಯಿಸುತ್ತಿದ್ದಳು. ರೊಟ್ಟಿ ಹೊತ್ತಿತೇನೋ ಎಂದು ತಿರುವಿ ನೋಡಿದಳು, ರೊಟ್ಟಿ ಸರಿಯಾಗಿಯೇ ಇತ್ತು. ಸೆರಗಿಗೆ ಕಿಡಿ ಹಾರಿತೇ ಎಂದು ಮಡಿಲು ಕೊಡವಿಕೊಂಡಳು. ಆಮೇಲೆ ಕಣ್ಣು ಎಡಗೈಯ ಕಡೆ ಹೋಯಿತು. ನಡುಬೆರಳು ಕಾದ ಹಂಚಿನ ಅಂಚಿಗೆ ಒರಗಿಕೊಂಡು, ಕಟ್ಟೆಗೆ ಒರಗಿ ಕೂತ ಮುದುಕನಂತೆ ಆರಾಮವಾಗಿತ್ತು. ಥಟ್ಟನೆ ಕಿತ್ತುಕೊಂಡಳು. ತುದಿಯ ಚರ್ಮ ಬೆಳ್ಳಗಾಗಿ ಎದ್ದು ನಿಂತಿತ್ತು. ಒತ್ತಿ ನೋಡಿದಳು. ಬೇರೆ ಯಾರದೋ ಬೆರಳನ್ನು ಒತ್ತಿದ ಹಾಗಿತ್ತು.

ಬೆಂದ ಬೆರಳು ನೋಯದಿದ್ದರೆ ಬೇರೆ ಯಾರಾದರೂ ದೇವರು ದೊಡ್ಡವನು ಎನ್ನುತ್ತಿದ್ದರು. ಸತ್ಯವ್ವನ ಎದೆ ಮಾತ್ರ ಧಸಕ್ಕೆಂದಿತು. ಅತ್ತೆ ಲಗಮವ್ವ ಪಡಸಾಲೆಯಲ್ಲಿ ಕೂಸಿಗೆ ಆಡಿನ ಹಾಲು ಕುಡಿಸುತ್ತಿದ್ದಳು. ಆಕೆ ಇತ್ತ ತಿರುಗುವುದರೊಳಗೆ ಸತ್ಯವ್ವ ಬೆರಳನ್ನು ಸೆರಗಿನಲ್ಲಿ ಸುತ್ತಿ ಬಚ್ಚಿಟ್ಟಳು.

ಚಿಮ್ಮಡದ ಊರಂಚಿನಲ್ಲಿ ಅವರದು ಕುರಿಯವರ ಮನೆ. ಗಂಡ ಜಕ್ಕಪ್ಪ ಹಿಂಡು ಹೊಡೆದುಕೊಂಡು ಜಮಖಂಡಿಯ ಆಚೆ ಕೃಷ್ಣೆಯ ದಂಡೆಗೆ ಹೋಗಿದ್ದ. ಗೊಬ್ಬರಕ್ಕಾಗಿ ಹೊಲದವರು ಕುರಿ ತರುಬಿಸಿಕೊಳ್ಳುವ ಕಾಲ ಅದು. ಮಳೆ ಬೀಳುವವರೆಗೆ ಅವನು ಬರುವವನಲ್ಲ. ಮನೆಯಲ್ಲಿ ಇದ್ದದ್ದು ಅತ್ತೆ, ಸೊಸೆ, ಇನ್ನೂ ಬೋರಲಾಗಲು ಬಾರದ ಹೆಣ್ಣುಕೂಸು, ನಡೆಯಲಾರದೆ ಹಿಂದೆ ಉಳಿದ ಒಂದಿಷ್ಟು ಮರಿಗಳು.

ಆ ಮರಿಗಳ ದೆಸೆಯಿಂದಲೇ ಇಷ್ಟೆಲ್ಲ ಆದದ್ದು. ಹಿಂದಿನ ಅಮಾವಾಸ್ಯೆಗೂ ಮುಂಚೆ ಒಂದು ಮುಂಜಾನೆ, ಯಾರದೂ ಅಲ್ಲದ ಒಂದು ಕೆಂದನಾಯಿ ಹಟ್ಟಿಯ ಮುಳ್ಳುಬೇಲಿ ನುಗ್ಗಿ ಮರಿಯೊಂದರ ಕುತ್ತಿಗೆಗೆ ಬಾಯಿ ಹಾಕಿತ್ತು. ಸತ್ಯವ್ವ ಕೋಲು ಹುಡುಕುತ್ತ ನಿಲ್ಲಲಿಲ್ಲ, ಬರಿಗೈಯಲ್ಲೇ ಎಳೆದಳು. ನಾಯಿ ಮರಿಯನ್ನು ಬಿಟ್ಟು ಅವಳ ಎಡ ಮೊಳಕೈ ಕೆಳಗೆ ಹಲ್ಲೂರಿ, ಜೋಳದ ಹೊಲದಲ್ಲಿ ಮಾಯವಾಯಿತು. ಅದಕ್ಕೆ ಹುಚ್ಚಿತ್ತೋ, ಬರೀ ಹಸಿವಿತ್ತೋ, ಕಂಡವರಿಲ್ಲ. ಬನಹಟ್ಟಿಯಲ್ಲಿ ನೇಕಾರರು ಒಂದು ಹುಚ್ಚುನಾಯಿಯನ್ನು ಬಡಿದು ಕೊಂದರಂತೆ ಎಂಬ ಸುದ್ದಿ ಮಾತ್ರ ಬಂತು. ಅದರ ಬಣ್ಣ ಕೆಂಪು ಎಂದು ಒಬ್ಬರು, ಕಪ್ಪು ಎಂದು ಇನ್ನೊಬ್ಬರು ಹೇಳಿದರು.

ಜಮಖಂಡಿಯ ದವಾಖಾನೆಗೆ ಹೋಗಿರೆಂದು ಹೇಳಿದವರೂ ಇದ್ದರು. ಹೋಗಬೇಕಿತ್ತು. ಆದರೆ ಅಲ್ಲಿಂದ ಇನ್ನೂ ದೂರದ ಊರಿಗೆ ಕಳಿಸಿ ಹೊಟ್ಟೆಗೆ ಸೂಜಿ ಚುಚ್ಚುತ್ತಾರೆಂದು ಯಾರೋ ಬಾಯಿಬಿಟ್ಟಿದ್ದೇ ತಡ, ಹಸಿ ಬಾಣಂತಿಯ ಹೊಟ್ಟೆಗೆ ಸೂಜಿಯೇ ಎಂದು ಲಗಮವ್ವ ಹೌಹಾರಿದಳು. ಸೊಸೆಯನ್ನು ನೇರ ಬೀರೇಶ್ವರನ ಗುಡಿಗೆ ಕರೆದೊಯ್ದಳು. ನಾಯಿ ಕಡಿದವರ ತೋಳಿಗೆ ಅಲ್ಲಿ ಕರಿ ಉಣ್ಣೆಯ ಕಟ್ಟು ಕಟ್ಟುತ್ತಿದ್ದರು. ವಿಷ ಅದನ್ನು ದಾಟಿ ತಲೆಗೆ ಏರುವುದಿಲ್ಲವೆಂಬ ನಂಬಿಕೆ. ಎರಡು ಅಮಾವಾಸ್ಯೆ ಕಳೆಯುವವರೆಗೆ ಬಿಚ್ಚುವ ಹಾಗಿಲ್ಲ, ದಿನವೂ ಅದಕ್ಕೆ ಭಂಡಾರದ, ಎಂದರೆ ದೇವರ ಅರಿಷಿಣದ, ನೀರು ಹಾಕಬೇಕು.

ಪೂಜಾರಿ ಗಿರಮಲ್ಲಪ್ಪ ರೂಢಿಯಂತೆ ಹಳೆಯ ಕಂಬಳಿಯ ಅಂಚಿನಿಂದ ಎಳೆದ ದಾರವನ್ನೇ ತೆಗೆದಿದ್ದ. ಲಗಮವ್ವನಿಗೆ ಸಮಾಧಾನವಾಗಲಿಲ್ಲ. ಜೀರ್ಣವಾದ ದಾರ ನಡುವೆ ಹರಿದರೆ ಗತಿ ಏನು ಎಂದು ವಾದ ಹೂಡಿದಳು. ಮನೆಗೆ ಓಡಿ, ಆ ವಾರವೇ ಕತ್ತರಿಸಿದ ಮರಿಯ ಮೊದಲ ಉಣ್ಣೆ ತಂದು, ಅಲ್ಲೇ ಕಟ್ಟೆಯ ಮೇಲೆ ಕೂತು ತೊಡೆಯ ಮೇಲೆ ಹೊಸೆದು, ಬೆರಳು ಗಾತ್ರದ ಹುರಿ ಮಾಡಿಕೊಟ್ಟಳು. ಸೊಸೆಯ ಮೇಲೆ ಅಷ್ಟು ಜೀವ ಅವಳಿಗೆ. ಅಂದಿನಿಂದ ದಿನಾ ಬೆಳಗಾಗುತ್ತಲೇ ಬಿಸಿನೀರು ಕಾಯಿಸಿ, ಭಂಡಾರ ಕಲಸಿ, ಆ ಕಟ್ಟನ್ನು ತಾನೇ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ಈ ಕೆಲಸವನ್ನು ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಗಾಯ ಮಾಯಿತು. ಮಾದ ಮೇಲೆ ಶುರುವಾಯಿತು ಜುಮುಜುಮು.

ಮೊದಮೊದಲು ಕೈ ಮಡಿಚಿ ಮಲಗಿದಾಗ ಬೆರಳ ತುದಿಯಲ್ಲಿ ಅಷ್ಟೇ. ಕೊಡವಿದರೆ ಹೋಗುತ್ತಿತ್ತು. ಆಮೇಲೆ ಕೊಡವಿದರೂ ಹೋಗದಾಯಿತು. ಇರುವೆ ಹರಿದ ಹಾಗೆ, ಒಣ ಮರಳು ಸುರಿದ ಹಾಗೆ; ಕೆಲವೊಮ್ಮೆ ಒಣಗಿದ ಕೈ ಒದ್ದೆಯಾಗಿದೆ ಎನಿಸಿ ಸೀರೆಗೆ ಒರೆಸಿಕೊಳ್ಳುತ್ತಿದ್ದಳು. ಬರಬರುತ್ತ ಜುಮುಜುಮು ಕಡಿಮೆಯಾಗಿ ಕೈ ಮರಗಟ್ಟತೊಡಗಿತು. ಉಪ್ಪು ಹಿಡಿದರೆ ಉಪ್ಪೆಂದು ಕಣ್ಣಿಗೆ ಗೊತ್ತಾಗಬೇಕು, ಬೆರಳಿಗೆ ಗೊತ್ತಾಗದು. ಅತ್ತೆ ಇಲ್ಲದಾಗ ಜಾಲಿಮುಳ್ಳು ತಂದು ಒಂದೊಂದೇ ಬೆರಳು ಚುಚ್ಚಿ ನೋಡಿಕೊಂಡಳು. ರಕ್ತ ಬರುತ್ತಿತ್ತು.

ಜುಮುಜುಮು ಎಂದರೆ ಏನೆಂದು ಆ ಮನೆಯಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾವನ ತಮ್ಮ ರಾಮಲಿಂಗಪ್ಪ ಹುಚ್ಚುನಾಯಿ ಕಡಿದು ಸತ್ತವನು. ಸತ್ಯವ್ವ ಸೊಸೆಯಾಗಿ ಬರುವುದಕ್ಕೆ ಮೊದಲಿನ ಮಾತು. ಅವನಿಗೂ ಜುಮುಜುಮು ಎಂದೇ ಶುರುವಾದದ್ದಂತೆ. ಆಮೇಲೆ ನೀರು ಕಂಡರೆ ನಡುಗಿದನಂತೆ. ಉಣ್ಣೆ ತುಂಬುವ ಕೋಣೆಯನ್ನು ಖಾಲಿ ಮಾಡಿ ಅವನನ್ನು ಒಳಗೆ ಹಾಕಿ ಹೊರಗಿನಿಂದ ಅಗಳಿ ಜಡಿದರಂತೆ. ಒಳಗೆ ನಡೆದದ್ದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳದ್ದರಿಂದಲೇ ಅದು ಸತ್ಯವ್ವನ ಕಣ್ಣಮುಂದೆ ಇನ್ನೂ ದೊಡ್ಡದಾಗಿ ನಿಲ್ಲುತ್ತಿತ್ತು.

ತಾನು ಸಾಯುವುದು ಇರಲಿ, ಅವಳನ್ನು ತಿನ್ನುತ್ತಿದ್ದದ್ದು ಕೂಸಿನ ಚಿಂತೆ. ಮೈಯಲ್ಲಿ ವಿಷ ಇದ್ದರೆ ಹಾಲಿನಲ್ಲಿ ಇರುವುದಿಲ್ಲವೇ? ಕೇಳುವುದಾದರೂ ಯಾರನ್ನು? ಕೇಳಿದರೆ ಅಗಳಿ. ಮೊಲೆ ಒಡೆದಿದೆ, ಬಾಯಿ ಹಾಕಿಸಲಾಗದು ಎಂದು ಸುಳ್ಳು ಹೇಳಿ ಕೂಸನ್ನು ಅತ್ತೆಯ ಕೈಗೆ ಕೊಟ್ಟುಬಿಟ್ಟಳು. ಹಾಲು ಎದೆಯಲ್ಲಿ ಕಲ್ಲುಗಟ್ಟಿದಾಗ ಹಿತ್ತಲಿಗೆ ಹೋಗಿ ಗೋಡೆಯ ಬುಡಕ್ಕೆ ಹಿಂಡಿ, ಬೆಕ್ಕು ನೆಕ್ಕದಿರಲೆಂದು ಮೇಲೆ ಬೂದಿ ಮುಚ್ಚಿ ಬರುತ್ತಿದ್ದಳು. ಒಳಗೆ ಕೂಸು ಅತ್ತರೆ ಹಿಂಡುವ ಕೈ ನಿಲ್ಲುತ್ತಿತ್ತು, ಅಳು ಅವಳಿಗೂ ಬರುತ್ತಿತ್ತು.

ಆಡಿನ ಹಾಲು ಕೂಸಿಗೆ ಒಗ್ಗಲಿಲ್ಲ. ಬತ್ತಿ ಅದ್ದಿ ಅದ್ದಿ ಕುಡಿಸಿದ್ದನ್ನೆಲ್ಲ ಕಕ್ಕುತ್ತಿತ್ತು. ಹೊಟ್ಟೆ ಕೆಟ್ಟು, ತೊಡೆಯ ಮಡಿಕೆಗಳು ಇಳಿದು, ಅಳುವ ದನಿಯೇ ಸಣ್ಣದಾಗಿತ್ತು.

ಬೆರಳು ಸುಟ್ಟ ಆ ಮುಂಜಾನೆ ಲಗಮವ್ವನ ತಾಳ್ಮೆ ಹರಿಯಿತು. ಕೂಸು ಕುಡಿದದ್ದನ್ನೆಲ್ಲ ಅವಳ ಮಡಿಲಿಗೇ ಕಕ್ಕಿತ್ತು. ಎದ್ದು ಬಂದವಳೇ, ಎಂಥ ಒಡೆದ ಮೊಲೆ ಇದು, ನಾವೇನು ಹಡೆದಿಲ್ಲವೇ, ಹಲ್ಲು ಕಚ್ಚಿಕೊಂಡು ಕುಡಿಸಬೇಕು ಎಂದು ರೇಗುತ್ತ ಕೂಸನ್ನು ಸೊಸೆಯ ಮಡಿಲಿಗೆ ಹಾಕಿದಳು. ಕೂಸು ವಾಸನೆ ಹಿಡಿದು ಎದೆಗೆ ಮುಖ ಹಚ್ಚಿತು. ಸತ್ಯವ್ವ ಕೆಂಡ ಬಿದ್ದವರ ಹಾಗೆ ಅದನ್ನು ದೂಡಿದಳು. ದೂಡುವಾಗ ಸೆರಗು ಸರಿದು ಕೈ ಹೊರಗೆ ಬಂತು.

ಲಗಮವ್ವ ಕೂಸನ್ನು ಎತ್ತಿಕೊಂಡಳು. ಸಿಟ್ಟೆಲ್ಲ ಇಳಿದುಹೋಗಿತ್ತು. ಬಾತು ಹೊಳೆಯುವ ಅಂಗೈ, ನೀಲಿಗೆ ತಿರುಗಿದ ಉಗುರು, ಬೆಂದ ಬೆರಳು, ಮುಳ್ಳು ಚುಚ್ಚಿದ ಗುರುತು ಎಲ್ಲವನ್ನೂ ನೋಡಿದಳು.

"ಯಾವಾಗಿಂದ?" ಎಂದಳು.

ಸತ್ಯವ್ವ ಹೇಳಿದಳು. ಇಷ್ಟು ದಿನ ಬಿಗಿಹಿಡಿದದ್ದನ್ನು ಹೇಳಿ ಮುಗಿಸಿದಾಗ ಒಂದು ಕ್ಷಣ ಹಗುರವೆನಿಸಿತು, ಅಷ್ಟೇ. ಅತ್ತೆ ಅವಳ ತೋಳಿನ ಕಟ್ಟನ್ನು ಮುಟ್ಟಿ ನೋಡಿದಳು. ಅದು ಮಾಂಸದಲ್ಲಿ ಹೂತು ಕೂತಿತ್ತು. ನೋಡಿ ಅವಳಿಗೆ ತುಸು ಧೈರ್ಯವೇ ಬಂದಂತಿತ್ತು. ವಿಷವೆಲ್ಲ ಕಟ್ಟಿನ ಕೆಳಗೆ ನಿಂತಿದೆ, ಅದಕ್ಕೇ ಕೈ ಬಾತಿದೆ, ಕಟ್ಟು ಗಟ್ಟಿಯಿದ್ದದ್ದಕ್ಕೆ ಜೀವ ಉಳಿದಿದೆ ಎಂದಳು. ನಾಳೆ ಮುಂಜಾನೆ ಗಿರಮಲ್ಲಪ್ಪನನ್ನು ಕರೆಸಿ ಅದರ ಮೇಲೆ ಇನ್ನೊಂದು ಕಟ್ಟಿಸೋಣವೆಂದಳು. ಲೆಕ್ಕ ಸರಿಯಾಗಿಯೇ ಕೂಡುತ್ತಿತ್ತು. ಸತ್ಯವ್ವನೂ ಹೌದೆಂದು ತಲೆಯಾಡಿಸಿದಳು.

ಆಮೇಲೆ ಲಗಮವ್ವ ಉಣ್ಣೆಯ ಕೋಣೆಗೆ ಹೋದಳು. ಒಂದೊಂದೇ ಗಂಟು ಹೊರಗೆ ತಂದು ಪಡಸಾಲೆಯಲ್ಲಿ ಒಟ್ಟಿದಳು. ನೆಲ ಗುಡಿಸಿದಳು. ಒಂದು ಕೌದಿ ಹಾಸಿದಳು. ಒಂದು ತಂಬಿಗೆ ನೀರು ಇಟ್ಟಳು. ಕಣ್ಣಲ್ಲಿ ನೀರು ಧಾರಾಕಾರ ಹರಿಯುತ್ತಿದ್ದರೂ ಕೈ ಒಂದು ಕೆಲಸವನ್ನೂ ಬಿಡಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ಪೂಜಾರಿಗೆ ಹೇಳಿ ಬರಲು ಗುಡಿಯ ಕಡೆ ಹೊರಟಳು.

ಸತ್ಯವ್ವ ಆ ಕೋಣೆಯ ಬಾಗಿಲಲ್ಲಿ ನಿಂತಳು. ನಾಳೆಯ ಹೊತ್ತಿಗೆ ತಾನು ಅದರೊಳಗೆ. ಕೂಸು ಹೊರಗೆ, ಆಡಿನ ಹಾಲಿನ ಬತ್ತಿ ಚೀಪುತ್ತ. ತಾನು ಮೊದಲು ಹೋಗುತ್ತೇನೋ ಅದು ಮೊದಲು ಹೋಗುತ್ತದೋ ಎಂಬ ಯೋಚನೆ ಬಂದು ಅಲ್ಲಿ ನಿಲ್ಲಲಾಗಲಿಲ್ಲ. ರಾಮಲಿಂಗಪ್ಪನ ಸಾವನ್ನು ಕಣ್ಣಾರೆ ಕಂಡವಳು ಊರಲ್ಲಿ ಒಬ್ಬಳಿದ್ದಳು. ಅವಳನ್ನು ಕೇಳದೆ ಒಳಗೆ ಹೋಗಬಾರದು ಎನಿಸಿತು.

ಆಕೆ ಅನ್ನವ್ವ, ರಾಮಲಿಂಗಪ್ಪನ ಹೆಂಡತಿ. ಲಗಮವ್ವನಿಗೆ ನೆಗೆಣ್ಣಿ. ಹಟ್ಟಿಯ ಆಚೆ ಒಂದು ಗುಡಿಸಲಲ್ಲಿ ಒಬ್ಬಳೇ ಇದ್ದು ಪರರ ಉಣ್ಣೆ ನೂಲುತ್ತಿದ್ದಳು. ಗಂಡನ ಕಟ್ಟನ್ನು ಬಿಚ್ಚಿ ಅವನನ್ನು ಕೊಂದವಳು ಎಂದು ಊರು ತೀರ್ಮಾನ ಮಾಡಿಬಿಟ್ಟಿತ್ತು. ಮದುವೆಯ ಉಣ್ಣೆಕಂಕಣಕ್ಕೆ ಅವಳು ನೂತ ಎಳೆ ನಡೆಯುತ್ತಿರಲಿಲ್ಲ. ಲಗಮವ್ವ ಅಂದಿನಿಂದ ಅವಳೊಂದಿಗೆ ಮಾತು ಬಿಟ್ಟಿದ್ದಳು. ಸೊಸೆಗೂ ಆ ದಾರಿ ತುಳಿಯಬೇಡವೆಂದು ಕಟ್ಟಪ್ಪಣೆ ಮಾಡಿದ್ದಳು.

ಬಾಗಿಲಲ್ಲಿ ನೆರಳು ಬಿದ್ದಾಗ ಅನ್ನವ್ವ ಕದಿರು ನಿಲ್ಲಿಸಿ ತಲೆಯೆತ್ತಿದಳು. ಕೂತುಕೋ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

"ಸಣ್ಣತ್ತಿ, ಸಣ್ಣ ಮಾವಗ ಮೊದಲ ಎಲ್ಲೆ ಜುಮ್ ಅಂದಿತ್ರಿ?" ಸತ್ಯವ್ವ ನಿಂತಲ್ಲಿಂದಲೇ ಕೇಳಿದಳು.

ಅನ್ನವ್ವ ಕದಿರನ್ನು ಪಕ್ಕಕ್ಕಿಟ್ಟಳು. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಕೇಳಿದವರೇ ಇರಲಿಲ್ಲ. ಬೈದವರಿದ್ದರು, ಕನಿಕರಪಟ್ಟವರೂ ಒಬ್ಬಿಬ್ಬರಿದ್ದರು.

"ಕಡದ ಜಾಗಾದಾಗ," ಎಂದಳು. "ಗಾಯ ಮಾದು ಮ್ಯಾಲ ಚರ್ಮ ಬಂದಿತ್ತು. ಅದರೊಳಗ ಇರವಿ ಹರದಂಗ ಆಗತೈತಿ ಅಂದ್ರು. ಕೆರಕೊಂಡ ಕೆರಕೊಂಡ ರಕ್ತಾ ತಗದ್ರು."

"ಬೆರಳ ಮರಗಟ್ಟಿದ್ದುವೇನ್ರಿ? ಸುಟ್ಟರ ಗೊತ್ತಾಗಲಾರದಂಗ?"

"ಬೆರಳಿಗೇನ ಧಾಡಿ? ಕಡೀ ದಿನಾ ನನ್ನ ಮುಂಗೈ ಹಿಡದದ್ದನ್ನ ಬಿಡಸಾಕ ಇಬ್ಬರ ಗಂಡಸರು ಬೇಕಾದ್ರು. ಬೀಸಣಿಕಿ ಗಾಳಿ ತಾಗಿದರ ಚೀರತಿದ್ರು ಬೇ. ಅವರಿಗೆ ಎಲ್ಲಾ ಹೆಚ್ಚ ಗೊತ್ತಾಕ್ಕಿತ್ತು. ಗೊತ್ತಾಗಲಾರದ್ದು ಅನ್ನೂದ ಇರಲಿಲ್ಲ."

ಸತ್ಯವ್ವ ಅಲ್ಲೇ ಕುಸಿದು ಕೂತಳು. ಎಡಗೈ ಮುಂದೆ ಚಾಚಿದಳು. ಅನ್ನವ್ವ ಹತ್ತಿರ ಸರಿದು, ನಾಯಿಯ ಹಲ್ಲು ಊರಿದ ಗುರುತನ್ನು ಒತ್ತಿ, ಇಲ್ಲಿ ಏನಾದರೂ ಹರಿಯುತ್ತದೆಯೇ, ತುರಿಸುತ್ತದೆಯೇ, ಉರಿಯುತ್ತದೆಯೇ ಎಂದು ಕೇಳಿದಳು. ಏನೂ ಇರಲಿಲ್ಲ. ಕಡಿದ ಜಾಗ ಮೊದಲಿನಿಂದಲೂ ತೆಪ್ಪಗಿತ್ತು. ರಗಳೆಯೆಲ್ಲ ಬೆರಳಲ್ಲಿ, ಅಂಗೈಯಲ್ಲಿ. ಈ ವ್ಯತ್ಯಾಸ ಇಷ್ಟು ದಿನ ಹೊಳೆದಿರಲೇ ಇಲ್ಲ. ಹೆದರಿಕೆ ಅವಳನ್ನು ಅಷ್ಟು ದೂರ ನೋಡಲು ಬಿಟ್ಟಿರಲಿಲ್ಲ.

ನೀರು ಕುಡಿಯಲು ಆಗುತ್ತದೆಯೇ ಎಂದು ಅನ್ನವ್ವ ಕೇಳಿದಳು. ಆಗುತ್ತದೆ ಎಂದಳು ಸತ್ಯವ್ವ. ಆಮೇಲೆ ಅನ್ನವ್ವ ಕುಬಸದ ತೋಳು ಮೇಲೆ ಸರಿಸಿದಳು. ಕಟ್ಟು ಕಂಡಿತು. ಕಂಡದ್ದು ಕಟ್ಟಿನ ಅಂಚು ಮಾತ್ರ, ಉಳಿದದ್ದು ತೋಳಿನೊಳಗೆ ಮುಳುಗಿತ್ತು. ಉಣ್ಣೆಯಲ್ಲೇ ಬದುಕು ಸವೆಸಿದ ಬೆರಳು ಅದರ ಮೇಲೆ ಒಮ್ಮೆ ಹರಿದು ನಿಂತಿತು.

"ಇದು ಹೊಸ ಉಣ್ಣಿ," ಎಂದಳು. "ದಿನಾ ನೀರ ಹಾಕ್ತೀರೇನು?"

"ಬಿಸಿನೀರು. ಅತ್ತಿ ತಿಕ್ಕತಾರು," ಎಂದ ಸತ್ಯವ್ವನ ಮಾತು ಅಲ್ಲಿಗೇ ನಿಂತಿತು.

ಮಗ್ಗದಿಂದ ಇಳಿದ ಹೊಸ ಕಂಬಳಿಯನ್ನು ಅವಳೇ ಎಷ್ಟು ಸಲ ತುಳಿದಿಲ್ಲ? ಬಿಸಿನೀರು ಹೊಯ್ದು, ಹಿಮ್ಮಡಿಯಿಂದ ತಿಕ್ಕಿ ತಿಕ್ಕಿ ತುಳಿದರೆ ಜಾಳು ಜಾಳಾದ ಎಳೆಗಳು ಒಂದನ್ನೊಂದು ಹಿಡಿದುಕೊಂಡು ಬಿಗಿಯುತ್ತವೆ. ಬೆಳಿಗ್ಗೆ ಅಳೆದ ಕಂಬಳಿ ಸಂಜೆಗೆ ಅಷ್ಟುದ್ದ ಇರುವುದಿಲ್ಲ. ಹಳೆಯ ಕಂಬಳಿ ಹಾಗಲ್ಲ, ಅದು ಬಿಗಿಯುವಷ್ಟು ಬಿಗಿದು ಮುಗಿದಿರುತ್ತದೆ. ಕುರಿಯವರ ಮನೆಯಲ್ಲಿ ಇದು ಹಲ್ಲು ಬಾರದ ಕೂಸಿಗೂ ಗೊತ್ತು ಎನ್ನಬೇಕು. ಗೊತ್ತಿದ್ದೂ, ಕಂಬಳಿಗೆ ಮಾಡುವುದನ್ನೇ ತೋಳಿಗೆ ದಿನಾ ಮಾಡುತ್ತಿದ್ದೇವೆಂದು ಇಬ್ಬರು ಹೆಂಗಸರಿಗೂ ಹೊಳೆದಿರಲಿಲ್ಲ. ತೋಳಿನ ಮೇಲೆ ಇದ್ದದ್ದು ಅವರ ಪಾಲಿಗೆ ಉಣ್ಣೆಯಾಗಿರಲಿಲ್ಲ, ದೇವರಾಗಿತ್ತು.

"ಕೊಯ್ದು ಬಿಡ್ರಿ ಸಣ್ಣತ್ತಿ," ಎಂದಳು ಸತ್ಯವ್ವ.

ಅನ್ನವ್ವ ಕೈ ಹಿಂದಕ್ಕೆ ತೆಗೆದಳು. "ನಾ ಮುಟ್ಟೂದಿಲ್ಲ. ಅವರ ಕಟ್ಟ ನಾನ ಬಿಚ್ಚಿದ್ದು ಖರೆ. ಆದರ ನೀರ ಕಂಡು ಅಂಜಿದ ಮ್ಯಾಲ ಬಿಚ್ಚಿದೆ, ಅವರು ಬೇಡಕೊಂಡ್ರಂತ. ಕಟ್ಟ ಇದ್ದಾಗನ ರೋಗ ಬಂದಿತ್ತು. ಅದನ್ನ ಯಾರೂ ಕೇಳಲಿಲ್ಲ. ನಿನ್ನ ನಾಯಿಗೆ ಹುಚ್ಚ ಇತ್ತೋ ಇಲ್ಲೋ ನನಗ ಗೊತ್ತಿಲ್ಲ. ಈ ಕೈ ಆ ರೋಗದ ಕೈ ಅಲ್ಲ, ಇಷ್ಟ ಗೊತ್ತೈತಿ. ನಾಳಿ ನಿನಗ ಏನರ ಆದರ ಎರಡನೇ ಹೆಣಾ ನಾ ಹೊರಲಾರೆ. ಕೊಯ್ಯೂದಿದ್ದರ ನಿಮ್ಮ ಮನ್ಯಾಗ ಕೊಯ್ಕೊ."

ಅದು ಕಲ್ಲೆದೆಯ ಮಾತಾಗಿರಲಿಲ್ಲ. ಸತ್ಯವ್ವ ಆಕೆಯ ಕಾಲು ಮುಟ್ಟಿ ಹೊರಗೆ ಬಂದಳು.

ಮನೆಗೆ ಬಂದು ಕುರಿ ಕತ್ತರಿಸುವ ಕತ್ತರಿ ತೆಗೆದುಕೊಂಡಳು. ಒಂದೇ ಕೈಯಲ್ಲಿ ಅದನ್ನು ಆಡಿಸುವುದು ಸುಲಭದ ಮಾತಲ್ಲ. ತುದಿಯನ್ನು ಕಟ್ಟಿನ ಅಡಿಗೆ ತೂರಿಸಲು ನೋಡಿದಳು. ಜಾಗವೇ ಇರಲಿಲ್ಲ. ಜಾರಿ ಚರ್ಮ ಹರಿಯಿತು, ರಕ್ತ ಬಂತು, ಕಟ್ಟಿಗೆ ಗೀರೂ ಬೀಳಲಿಲ್ಲ. ಉಣ್ಣೆ ಕೂಡಿ ಕೂಡಿ ಚಕ್ಕಳದಂತಾಗಿತ್ತು. ಇನ್ನೊಮ್ಮೆ ತೂರಿಸುವಾಗ ಮನಸ್ಸು ಬೇರೆ ಲೆಕ್ಕ ತೆಗೆಯಿತು. ಅನ್ನವ್ವ ಹೇಳಿದ್ದು ತಪ್ಪಾಗಿದ್ದರೆ? ಊರು ಹೇಳುವುದೇ ನಿಜವಾಗಿ, ಕಟ್ಟು ಕಡಿದ ಗಳಿಗೆಯೇ ಕೆಳಗೆ ನಿಂತ ವಿಷವೆಲ್ಲ ನುಗ್ಗಿ ಬಂದರೆ? ಕೈ ಬೆವರಿ ಕತ್ತರಿ ಜಾರತೊಡಗಿತು.

"ಸತ್ಯವ್ವಾ, ಕತ್ತರಿ ಕೆಳಗಿಡು."

ಲಗಮವ್ವ ಬಾಗಿಲಲ್ಲಿದ್ದಳು. ಹೆಗಲ ಮೇಲೆ ಕೂಸು ಅಳುವುದನ್ನೂ ಬಿಟ್ಟು ಸುಮ್ಮನೆ ಬಿದ್ದುಕೊಂಡಿತ್ತು. ಕೂಸನ್ನು ಉಣ್ಣೆಯ ಗಂಟುಗಳ ಮೇಲೆ ಮಲಗಿಸಿ, ಹುಚ್ಚು ನೆತ್ತಿಗೇರಿತೋ ಎಂಬ ಹೆದರಿಕೆಯಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಸತ್ಯವ್ವ ಕತ್ತರಿ ಬಿಡಲಿಲ್ಲ.

"ಅತ್ತಿ, ಒಂದ ಮಾತ ಕೇಳತೇನಿ, ಹೇಳ್ರಿ. ಹೊಸಾ ಕಂಬಳಿ ಬಿಸಿನೀರಾಗ ತುಳದರ ಏನಾಕ್ಕತಿ?"

ಉಣ್ಣೆಯ ವಿಷಯವೆಂದರೆ ಲಗಮವ್ವನಿಗೆ ಪ್ರಶ್ನೆ ಮುಗಿಯುವುದರೊಳಗೆ ಉತ್ತರ. "ಕೂಡತೈತಿ. ಕುಗ್ಗಿ..." ಎಂದವಳು ಬಾಯಿ ತೆರೆದಂತೆಯೇ ನಿಂತಳು. ಕಣ್ಣು ಸೊಸೆಯ ತೋಳಿಗೆ ಹೋಯಿತು. ಅಲ್ಲಿಂದ ತನ್ನ ಕೈಗಳಿಗೆ ಬಂತು. ಭಂಡಾರ ತಿಕ್ಕಿ ತಿಕ್ಕಿ ಅಂಗೈ ಅರಿಷಿಣ ಬಣ್ಣಕ್ಕೆ ತಿರುಗಿತ್ತು.

ಅನ್ನವ್ವ ಹೇಳಿದ್ದನ್ನೆಲ್ಲ ಸತ್ಯವ್ವ ಒಂದೇ ಉಸಿರಿಗೆ ಹೇಳಿದಳು. ಆ ಹೆಸರು ಕೇಳಿ ಲಗಮವ್ವನ ಮುಖ ಬಿಗಿಯಿತು. ಆದರೆ ಕಟ್ಟು ಇದ್ದಾಗಲೇ ಮೈದುನನಿಗೆ ರೋಗ ಬಂದಿತ್ತು ಎಂಬಲ್ಲಿ ಅವಳು ಕಣ್ಣು ಮುಚ್ಚಿಕೊಂಡಳು. ಅವಳಿಗೂ ಅದು ಗೊತ್ತಿತ್ತು. ತಂಬಿಗೆಯ ನೀರು ಕಂಡು ಅವನು ಗೋಡೆಗೆ ಅಂಟಿಕೊಂಡ ದಿನ ತೋಳಲ್ಲಿ ಕಟ್ಟು ಇದ್ದದ್ದನ್ನು ಅವಳೂ ಕಂಡಿದ್ದಳು. ಬಿಚ್ಚಿದವಳೊಬ್ಬಳು ಸಿಕ್ಕಳೆಂದು ಕಂಡದ್ದನ್ನು ಮರೆತುಬಿಟ್ಟಿದ್ದಳು.

"ಕೊಯ್ದ ಮ್ಯಾಲ ವಿಷ ಏರಿತಂದರ?" ಎಂದಳು.

"ಏರಿದರ ಕೋಣಿ ಖಾಲಿ ಐತಿ. ಅಗಳಿ ನೀವ ಹಾಕ್ರಿ. ಕೂಸು ನಾಳಿ ತನಕಾ ತಡ್ಯಾಂಗಿಲ್ಲ ಅತ್ತಿ, ನೀವೂ ನೋಡಾಕತ್ತೀರಿ."

ಲಗಮವ್ವ ಗಂಟುಗಳ ಕಡೆ ತಿರುಗಿ ನೋಡಿದಳು. ಆಮೇಲೆ ಸೊಸೆಯ ಕೈಯಿಂದ ಕತ್ತರಿ ತೆಗೆದುಕೊಂಡಳು. ದೀಪದ ಎಣ್ಣೆ ತಂದು ಕಟ್ಟಿನ ಸುತ್ತ ಸವರಿದಳು. ಮರಿಯ ಉಣ್ಣೆ ಕತ್ತರಿಸುವಾಗ ಮಾಡುವಂತೆ ಎಡಗೈಯಿಂದ ಚರ್ಮವನ್ನು ಜಗ್ಗಿ ಹಿಡಿದು, ಕತ್ತರಿಯ ಒಂದು ತುದಿಯನ್ನು ನಿಧಾನಕ್ಕೆ ಅಡಿಗೆ ಜಾರಿಸಿದಳು. ಬೀರಪ್ಪಾ ಎಂದು ಬಾಯಲ್ಲಿ ಅಂದುಕೊಳ್ಳುತ್ತಲೇ ಇದ್ದಳು. ಕರಕ್ ಎಂದಿತು. ಎಳೆಎಳೆಯಾಗಿ ಅಲ್ಲ, ತೊಗಲು ಕತ್ತರಿಸಿದಂತೆ ಕಟ್ಟು ಎರಡಾಗಿ ಬಿಚ್ಚಿಕೊಂಡಿತು. ಅದರ ಕೆಳಗೆ ತೋಳಿನ ಸುತ್ತ ಬೆರಳು ಹೂಳುವಷ್ಟು ಆಳದ ಕಾಲುವೆ ಬಿದ್ದಿತ್ತು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಇಬ್ಬರೂ ಆ ಕೈಯನ್ನೇ ನೋಡುತ್ತಿದ್ದರು.

ಆಮೇಲೆ ಶುರುವಾಯಿತು. ಮೊಳಕೈಯಿಂದ ಬಿಸಿ ಇಳಿದಂತಾಯಿತು. ಬಿಸಿ ಹೋಗಿ ಉರಿಯಾಯಿತು. ಇಷ್ಟು ದಿನ ಹರಿದದ್ದು ಇರುವೆಯಾದರೆ ಈಗ ಹರಿದದ್ದು ಜೇನುಹುಳ. ಕೈಯ ಒಂದೊಂದು ರೋಮದಲ್ಲೂ ಕಚ್ಚುತ್ತಿತ್ತು. ಸತ್ಯವ್ವ ಕೂಗಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡಳು, ಕೂಗು ನಿಲ್ಲಲಿಲ್ಲ. ನೆಲದ ಮೇಲೆ ಹೊರಳಿದಳು. ಲಗಮವ್ವ ಎರಡು ಹೆಜ್ಜೆ ಹಿಂದೆ ಸರಿದು ಕೂಸನ್ನು ಎತ್ತಿಕೊಂಡಳು. ಅವಳ ಮುಖ ನೋಡಿದರೆ ಸಾಕು, ಏನೆಂದುಕೊಂಡಳೆಂದು ತಿಳಿಯುತ್ತಿತ್ತು. ಸತ್ಯವ್ವನೂ ಅದನ್ನೇ ಅಂದುಕೊಂಡಳು.

ಅವಳು ಎದ್ದಳು. ಕೈಯನ್ನು ಎದೆಗೆ ಒತ್ತಿಕೊಂಡು, ಯಾರೂ ಹೇಳದೆಯೇ, ಉಣ್ಣೆಯ ಕೋಣೆಗೆ ನಡೆದು ಕೌದಿಯ ಮೇಲೆ ಕೂತಳು. "ಹಾಕ್ರಿ," ಎಂದಳು.

ಬಾಗಿಲು ಮುಚ್ಚಿತು. ಅಗಳಿ ಬಿದ್ದ ಸಪ್ಪಳ ಕೇಳಿಸಿತು. ಅದರ ಹಿಂದೆಯೇ ಲಗಮವ್ವ ಹೊಸ್ತಿಲಲ್ಲಿ ಕುಸಿದು ಕೂತದ್ದೂ ಕೇಳಿಸಿತು.

ಒಳಗೆ ಕುರಿಯ ಜಿಡ್ಡಿನ ವಾಸನೆ ಗೋಡೆಗೆ ಹತ್ತಿಕೊಂಡಿತ್ತು. ಮೇಲಿನ ಗವಾಕ್ಷಿಯಿಂದ ಇಳಿಹೊತ್ತಿನ ಬಿಸಿಲು ಒಂದು ತುಂಡು ಬಿದ್ದಿತ್ತು. ಸತ್ಯವ್ವನಿಗೆ ಎಲ್ಲಕ್ಕಿಂತ ಹೆದರಿಕೆಯಾದದ್ದು ತಂಬಿಗೆಯನ್ನು ನೋಡಿ. ಅದರ ಕಡೆ ಕೈ ಚಾಚುವುದಕ್ಕೆ ಎಷ್ಟೋ ಹೊತ್ತು ಹಿಡಿಯಿತು. ಕೊನೆಗೆ ಎತ್ತಿ ಬಾಯಿಗೆ ಹಚ್ಚಿದಳು. ಗಂಟಲು ಹಿಡಿಯುತ್ತದೆ, ಈಗ ಹಿಡಿಯುತ್ತದೆ ಎಂದು ಕಾದಳು. ನೀರು ಇಳಿಯಿತು. ಮತ್ತೊಂದು ಗುಟುಕು, ಅದೂ ಇಳಿಯಿತು. ಬರೀ ನೀರು ಅಷ್ಟು ರುಚಿ ಎಂದು ಅವಳಿಗೆ ಅಂದೇ ಗೊತ್ತಾದದ್ದು.

ಕಡಿತದ ಗುರುತನ್ನು ಮುಟ್ಟಿ ನೋಡಿದಳು, ತೆಪ್ಪಗಿತ್ತು. ಜೇನುಹುಳಗಳ ಕಚ್ಚಾಟ ಅಂಗೈ ದಾಟಿ ಬೆರಳಿಗೆ ಇಳಿಯುತ್ತಿತ್ತು. ವಿಷವಾದರೆ ಮೇಲೆ ಏರಬೇಕು, ಇದು ಕೆಳಗೆ ಹೋಗುತ್ತಿದೆ ಎಂದು ನೋವಿನ ನಡುವೆಯೂ ಲೆಕ್ಕ ಹಾಕಿದಳು. ಉಗುರಿನ ನೀಲಿ ಕಳೆದು ಕೆಂಪು ಮೂಡುತ್ತಿತ್ತು. ಬಿಸಿಲಿನ ತುಂಡು ಗೋಡೆ ಹತ್ತುವ ಹೊತ್ತಿಗೆ ಆ ನೋವಿನ ಸಂತೆಯಲ್ಲಿ ಒಂದೇ ಒಂದು ನೋವು ಬೇರೆಯಾಗಿ, ಚುರುಚುರು ಎಂದು ನಡುಬೆರಳಿನ ತುದಿಯಲ್ಲಿ ನಿಂತಿತು. ಸತ್ಯವ್ವ ಅದನ್ನು ಗುರುತಿಸಿದಳು. ಗುರುತಿಸಿ ನಕ್ಕಳು, ಅತ್ತಳು.

"ಅತ್ತಿ," ಎಂದು ಕರೆದಳು. "ಬೆರಳ ಉರಿಯಾಕತ್ತೈತ್ರಿ. ಮುಂಜಾನಿ ಸುಟ್ಟದ್ದು."

ಹೊರಗಿನಿಂದ ಲಗಮವ್ವ, ನೀರು ಕುಡಿದೆಯಾ ಎಂದು ಕೇಳಿದಳು. ತಂಬಿಗೆ ಬರಿದಾಗಿದೆ ಎಂದಳು ಸತ್ಯವ್ವ. ಅಗಳಿ ಸರಿಯಿತು.

ಅತ್ತೆ ಒಳಗೆ ಬಂದವಳು ಸೊಸೆಯ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಒಂದೊಂದೇ ಬೆರಳು ಒತ್ತಿ ನೋಡಿದಳು. ಮೂರು ಬೆರಳಿಗೆ ಸತ್ಯವ್ವ ಹಾ ಎಂದಳು. ಕಿರುಬೆರಳು, ಉಂಗುರದ ಬೆರಳು ಇನ್ನೂ ಮಲಗಿದ್ದವು. "ನನ್ನ ಕೈಲೆ ನಿನ್ನ ಕೊಲ್ಲಾಕತ್ತಿದ್ದೆ," ಎಂದಳು ಲಗಮವ್ವ. ಆಮೇಲೆ, "ಅಂದ ಆಕಿ ಮಾತ ಯಾರರ ಕೇಳಿದ್ದರ," ಎಂದು ಅಷ್ಟಕ್ಕೇ ಬಿಟ್ಟಳು.

ನಾಯಿಗೆ ಹುಚ್ಚಿತ್ತೋ ಇಲ್ಲವೋ ಆಗಲೂ ಗೊತ್ತಿರಲಿಲ್ಲ. ಬೆಳಗಾದರೆ ಜಮಖಂಡಿಯ ದವಾಖಾನೆಗೆ ಹೋಗುವುದೆಂದು ಇಬ್ಬರೂ ಮಾತಾಡಿಕೊಂಡರು. ಹೊಟ್ಟೆಗೆ ಸೂಜಿ ಎಂದರೆ ಸೂಜಿ. ಆದರೆ ಕೂಸು ಬೆಳಗಿನವರೆಗೆ ಕಾಯುವಂತಿರಲಿಲ್ಲ. ಲಗಮವ್ವ ಅದನ್ನು ತಂದು ಮಡಿಲಲ್ಲಿಟ್ಟಳು. ಇಟ್ಟು, ಕೈ ತೆಗೆಯದೆ ಸೊಸೆಯ ಮುಖ ನೋಡಿದಳು. ಈ ಮಾತನ್ನು ಅವಳೇ ತೀರ್ಮಾನಿಸಬೇಕಿತ್ತು. ಸತ್ಯವ್ವ ಕುಬಸದ ಗಂಟು ಬಿಚ್ಚಿದಳು.

ಕೂಸಿಗೆ ಹುಡುಕುವ ಶಕ್ತಿಯೂ ಇರಲಿಲ್ಲ. ಬಾಯಿಗೆ ಇಟ್ಟರೂ ಮೊದಲು ಸುಮ್ಮನೆ ಹಿಡಿದುಕೊಂಡಿತು. ಆಮೇಲೆ ತುಟಿ ಒಮ್ಮೆ ಆಡಿತು, ನಿಂತಿತು, ಮತ್ತೆ ಆಡಿತು. ಆಗ ಸತ್ಯವ್ವನ ಎದೆಯೊಳಗೆ, ಕಂಕುಳಿನಿಂದ ಹಿಡಿದು ಮೊಲೆಯ ತುದಿಯವರೆಗೆ, ಜುಮ್ ಎಂದಿತು.

ಅವಳು ಬೆದರಿ ಕೂಸನ್ನು ಕೀಳಲು ಹೋದಳು. ಬಂತು, ಮೈಗೇ ಬಂತು ಎಂದುಕೊಂಡಳು. ಲಗಮವ್ವ ಅವಳ ಕೈಯನ್ನು ಒತ್ತಿ ಹಿಡಿದಳು.

"ಅಂಜಬ್ಯಾಡ ಯವ್ವಾ," ಎಂದಳು. "ತೊರಿ ಬಿಟ್ಟೀ. ಹಾಲ ಇಳ್ಯಾಕತ್ತಾವು."

ಕೂಸು ನುಂಗುವ ಸದ್ದು ಆ ಬರಿದಾದ ಕೋಣೆಯಲ್ಲಿ ಇಬ್ಬರಿಗೂ ಕೇಳಿಸಿತು.